ಎಂಬಿಬಿಎಸ್ ಆಯ್ತು, ಮುಂದೆ ಎಲ್ಲಿ? ಪಿಎಚ್‌ಸಿ, ಡ್ಯೂಟಿ ಡಾಕ್ಟರ್, ಪಿಜಿ, ಸ್ವಂತ ಕ್ಲಿನಿಕ್, ಇಂಗ್ಲೆಂಡ್: ಸಂಬಳ ಬಿಟ್ಟು ಇನ್ನೊಂದು ಲೆಕ್ಕ

ಅಕ್ಕನ ಮಗಳಿಗೆ ಇಂಟರ್ನ್‌ಶಿಪ್ ಮುಗಿಯಲು ಇನ್ನು ಎರಡು ತಿಂಗಳಿದೆ. ಹೋದ ಭಾನುವಾರ ಫೋನ್ ಮಾಡಿ, "ಚಿಕ್ಕಿ, ಮುಂದೇನು ಮಾಡಲಿ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ" ಎಂದಳು. ಅವಳ ಅಪ್ಪನಿಗೆ ಪಿಜಿ (ಎಂಡಿ, ಎಂಎಸ್ ತರಹದ ಸ್ನಾತಕೋತ್ತರ ಓದು) ಬಿಟ್ಟು ಬೇರೆ ಮಾತೇ ಇಲ್ಲ. ಸೀನಿಯರ್ ಒಬ್ಬಳು ಇಂಗ್ಲೆಂಡಿಗೆ ಹೊರಡು ಎನ್ನುತ್ತಾಳೆ. ಅಜ್ಜಿಗೆ ಮೊಮ್ಮಗಳು ಊರಲ್ಲೇ ಬೋರ್ಡ್ ಹಾಕಿಕೊಂಡು ಕೂರಬೇಕು. ಇವಳಿಗೆ ಸದ್ಯಕ್ಕೆ ಬೇಕಾಗಿರುವುದು ಒಂದು ವಾರ ನಿದ್ದೆ.

ಒಂದೂವರೆ ಗಂಟೆ ಮಾತಾಡಿದೆವು. ಇಟ್ಟ ಮೇಲೆ ಅನ್ನಿಸಿತು, ಇದನ್ನು ಬರೆದೇ ಇಡೋಣ, ಇನ್ನೂ ಹತ್ತು ಮಕ್ಕಳು ಇದೇ ಪ್ರಶ್ನೆ ಹಿಡಿದು ಕೂತಿರುತ್ತಾರೆ. ನಾನು ಎಂಬಿಬಿಎಸ್ ಮುಗಿಸಿ 14 ವರ್ಷ ಆಯಿತು. ಮೊದಲು ಶಿವಮೊಗ್ಗ ಜಿಲ್ಲೆಯ ಒಂದು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಎರಡೂವರೆ ವರ್ಷ, ಆಮೇಲೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್, ಆಮೇಲೆ ಜನರಲ್ ಮೆಡಿಸಿನ್ ಪಿಜಿ, ಈಗ ತಾಲ್ಲೂಕು ಕೇಂದ್ರವೊಂದರಲ್ಲಿ ಸ್ವಂತ ಕ್ಲಿನಿಕ್. ಇಂಗ್ಲೆಂಡಿನಲ್ಲಿ ನಾನು ಕೆಲಸ ಮಾಡಿಲ್ಲ. ಬ್ಯಾಚ್‌ಮೇಟ್ ಒಬ್ಬಳು ಒಂಬತ್ತು ವರ್ಷದಿಂದ ಅಲ್ಲಿದ್ದಾಳೆ, ಅವಳ ಮನೆಯಲ್ಲಿ ಮೂರು ವಾರ ಇದ್ದು ಬಂದಿದ್ದೇನೆ, ಅಷ್ಟೇ.

ಸಂಬಳದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅದು ಊರಿಂದ ಊರಿಗೆ ಬೇರೆ, ಕೇಳಿದರೆ ಯಾರು ಬೇಕಾದರೂ ಹೇಳುತ್ತಾರೆ. ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ನನ್ನ ಪ್ರಕಾರ ಡಾಕ್ಟರ್ ಬದುಕು ಹೇಗಿರುತ್ತದೆ ಎಂದು ತೀರ್ಮಾನ ಮಾಡುವುದು ಅದೇ. ಡ್ಯೂಟಿ ಮುಗಿದಾಗ ನಿನ್ನ ಕುರ್ಚಿಗೆ ಬಂದು ಕೂರುವವರು ಯಾರು? ಅವರು ಬರದಿದ್ದರೆ ಏನಾಗುತ್ತದೆ? ಆಸ್ಪತ್ರೆ ಭಾಷೆಯಲ್ಲಿ ಹೇಳಬೇಕೆಂದರೆ, ರಿಲೀವರ್ ಯಾರು? ಕೆಳಗೆ ಬರುವ ಪ್ರತಿಯೊಂದು ಕೆಲಸವನ್ನೂ ನಾನು ಈ ತಕ್ಕಡಿಯಲ್ಲೇ ತೂಗಿದ್ದೇನೆ. ನಿಮ್ಮ ತಕ್ಕಡಿ ಬೇರೆ ಇರಬಹುದು, ಪರವಾಗಿಲ್ಲ.

ಪಿಎಚ್‌ಸಿ: ರಿಲೀವರ್ ಎಂಬ ಪದವೇ ಇಲ್ಲದ ಜಾಗ

ಪ್ರಾಥಮಿಕ ಆರೋಗ್ಯ ಕೇಂದ್ರ ಎಂದರೆ ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು, ಮಲೆನಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000ಕ್ಕೆ ಒಂದು. ಇದು ಸರ್ಕಾರದ ಮಾನದಂಡ. ಬಹಳಷ್ಟು ಕಡೆ ಅಷ್ಟು ಜನಕ್ಕೂ ಇರುವ ಡಾಕ್ಟರ್ ಒಬ್ಬರೇ. ಬೆಳಿಗ್ಗೆಯಿಂದ ಸಂಜೆವರೆಗೆ ಓಪಿಡಿ (ಹೊರರೋಗಿಗಳನ್ನು ನೋಡುವುದು), ನಡುವೆ ಊಟ. ಕೇಳಲು ಬ್ಯಾಂಕ್ ಕೆಲಸದ ಹಾಗಿದೆ ಅಲ್ವಾ? ನಾನೂ ಹಾಗೇ ಅಂದುಕೊಂಡು ಹೋದವಳು.

ಓಪಿಡಿ ಅನ್ನುವುದು ಕೆಲಸದ ಅರ್ಧ ಮಾತ್ರ. ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರ ತಪಾಸಣೆ ದಿನ. ಲಸಿಕೆ ದಿನ ಬೇರೆ. ಕ್ಷಯದ ಪಟ್ಟಿ, ಶಾಲಾ ತಪಾಸಣೆ, ತಾಲ್ಲೂಕು ಆರೋಗ್ಯಾಧಿಕಾರಿಯ ಮೀಟಿಂಗ್, ನೀರಿನ ಸ್ಯಾಂಪಲ್, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನದ ಸಹಿ. ನಮ್ಮ ಭಾಗದಲ್ಲಿ ಡಿಸೆಂಬರ್ ಬಂತು ಎಂದರೆ ಮಂಗನ ಕಾಯಿಲೆಯ ಕೆಲಸ ಶುರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು, ಇವತ್ತಿಗೂ ಬೇಸಿಗೆ ಮುಗಿಯುವವರೆಗೆ ಅಲ್ಲಿನ ಪಿಎಚ್‌ಸಿ ಡಾಕ್ಟರಿಗೆ ಎಲ್ಲಾದರೂ ಮಂಗ ಸತ್ತಿದೆ ಎಂದು ಫೋನ್ ಬಂದರೆ ಅದೂ ಡ್ಯೂಟಿಯೇ.

ರಾತ್ರಿಯ ವಿಷಯ ಹೇಳುತ್ತೇನೆ. ಒಂದು ಜೂನ್ ತಿಂಗಳು, ಹತ್ತೂ ಮುಕ್ಕಾಲು ಇರಬೇಕು, ಕರೆಂಟ್ ಇಲ್ಲ, ಕ್ವಾರ್ಟರ್ಸ್ ಬಾಗಿಲು ಬಡಿದರು. ತೋಟದ ಕೆಲಸದವನಿಗೆ ಕೊಳಕುಮಂಡಲ ಕಚ್ಚಿತ್ತು. ಪಾದದ ಮೇಲೆ ಟವೆಲ್ಲನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ ಕಾಲು ನೀಲಿ. ನಿಧಾನಕ್ಕೆ ಅದನ್ನು ಸಡಿಲಿಸಿ, ರಕ್ತ ತೆಗೆದು, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ ಕಿಟಕಿ ಕಟ್ಟೆಯ ಮೇಲೆ ಇಟ್ಟೆ. 20 ನಿಮಿಷ ಅಲುಗಾಡಿಸದೆ ಕಾಯಬೇಕು. ಆಮೇಲೆ ಟ್ಯೂಬ್ ವಾಲಿಸಿದಾಗ ರಕ್ತ ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ವಿಷ ಏರಿದೆ ಎಂದು ಅರ್ಥ. ಹರಿಯಿತು. ಫ್ರಿಜ್‌ನಲ್ಲಿ ಹಾವಿನ ವಿಷಕ್ಕೆ ಕೊಡುವ ಔಷಧಿಯ 10 ವಯಲ್ ಇತ್ತು. ಸಿಸ್ಟರ್ ಟಾರ್ಚ್ ಹಿಡಿದುಕೊಂಡು ಡ್ರಿಪ್ ಹಾಕಿದರು, 108 ಬರುವವರೆಗೆ ನಾನು ಅವನ ನಾಡಿ ಹಿಡಿದುಕೊಂಡೇ ಕೂತಿದ್ದೆ. ಅದೃಷ್ಟಕ್ಕೆ ರಿಯಾಕ್ಷನ್ ಆಗಲಿಲ್ಲ. ಆಂಬುಲೆನ್ಸ್ ಹೊರಟಾಗ ಎರಡು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಓಪಿಡಿ ಬಾಗಿಲು ತೆಗೆದೆ, ಯಾಕೆಂದರೆ ತೆಗೆಯಲು ಬೇರೆ ಯಾರೂ ಇಲ್ಲ. ಆ ಮನುಷ್ಯ ಬದುಕಿ ಬಂದ, ಒಂದು ಹಲಸಿನ ಹಣ್ಣು ತಂದುಕೊಟ್ಟ. ಇದನ್ನು ಹೇಳುವುದು ಹೆಮ್ಮೆಗೂ ಹೌದು. ಆದರೆ ಆ ದಿನದ ಓಪಿಡಿಯಲ್ಲಿ ನಾನು ನೋಡಿದ ಕೊನೆಯ ಇಪ್ಪತ್ತು ಜನರ ಮುಖ ನನಗೆ ಒಂದೂ ನೆನಪಿಲ್ಲ.

ಇನ್ನೊಂದು ವಿಷಯವಿದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೊಡೆದಾಟದ ಕೇಸ್ ಬಂದರೆ ಗಾಯದ ಸರ್ಟಿಫಿಕೇಟ್ ಬರೆಯುವುದು ನೀವು. ಪೋಸ್ಟ್‌ಮಾರ್ಟಂ ಕೂಡ ನಿಮ್ಮ ತಲೆಗೇ ಬರಬಹುದು. ಕೆಲಸ ಬಿಟ್ಟರೂ ಅದು ನಿಮ್ಮನ್ನು ಬಿಡುವುದಿಲ್ಲ. ನಾನು ಬೆಂಗಳೂರಿಗೆ ಬಂದು ವರ್ಷವಾದ ಮೇಲೆ ಕೋರ್ಟಿನಿಂದ ಸಮನ್ಸ್ ಬಂತು, ಎರಡು ವರ್ಷದ ಹಿಂದೆ ಬರೆದ ಸರ್ಟಿಫಿಕೇಟಿಗೆ. ನೈಟ್ ಡ್ಯೂಟಿ ಮುಗಿಸಿ, ರಜೆ ಬೇಡಿ, ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಹೋಗಿ ಕೋರ್ಟ್ ವರಾಂಡದಲ್ಲಿ ಮೂರು ಗಂಟೆವರೆಗೆ ನಿಂತೆ. ಕೇಸ್ ಮುಂದಕ್ಕೆ ಹೋಯಿತು. ಮತ್ತೆ ಹೋದೆ. ಹಾಗಾಗಿ ಪಿಎಚ್‌ಸಿ ಸೇರುವವರಿಗೆ ಒಂದು ಮಾತು: ಇಂಥ ಪೊಲೀಸ್ ಕೇಸಿಗೆ (ಎಂಎಲ್‌ಸಿ) ಬರೆದ ಪ್ರತಿ ಸರ್ಟಿಫಿಕೇಟಿನದ್ದೂ ಒಂದು ಕಾಪಿ ನಿಮ್ಮ ಹತ್ತಿರ ಇರಲಿ, ಅಕ್ಷರ ಎರಡು ವರ್ಷದ ಮೇಲೆ ನಿಮಗೇ ಓದಲು ಬರುವ ಹಾಗಿರಲಿ.

ಒಳ್ಳೆಯದೂ ಇದೆ, ಕಡಿಮೆಯೇನಲ್ಲ. ಕಾಯಂ ಆದರೆ ಹೆರಿಗೆ ರಜೆ 180 ದಿನ, ಅದರ ಮೇಲೆ ಮಗು ನೋಡಿಕೊಳ್ಳಲು ಆರು ತಿಂಗಳ ರಜೆ, ಸೇವೆಯಲ್ಲಿದ್ದುಕೊಂಡೇ ಪಿಜಿ ಮಾಡುವ ದಾರಿ. ಪಿಂಚಣಿ ಮಾತ್ರ ಅಪ್ಪಂದಿರ ಕಾಲದ್ದಲ್ಲ, 2006ರ ಏಪ್ರಿಲ್ ನಂತರ ಸೇರಿದವರಿಗೆಲ್ಲ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ). ಗುತ್ತಿಗೆ ಆದರೆ ಇದರಲ್ಲಿ ಯಾವುದು ಸಿಗುತ್ತದೆ, ಯಾವುದು ಇಲ್ಲ ಎಂದು ಆರ್ಡರ್ ಕಾಪಿ ಓದಿಯೇ ಸಹಿ ಹಾಕಿ. "ಎಲ್ಲರಿಗೂ ಇರೋದೇ ಮೇಡಂ" ಎಂಬ ಆಫೀಸಿನ ಮಾತು ನಂಬಬೇಡಿ. ಕಡ್ಡಾಯ ಗ್ರಾಮೀಣ ಸೇವೆಯ ಕಾನೂನು 2012ರದ್ದು. ಆಮೇಲೆ ತಿದ್ದುಪಡಿಯಾಗಿ ಖಾಲಿ ಹುದ್ದೆ ಎಷ್ಟಿದೆಯೋ ಅಷ್ಟಕ್ಕೆ ಎಂದಾಗಿದೆ. ನಿಮ್ಮ ಬ್ಯಾಚಿನ ಅಧಿಸೂಚನೆ ನೀವೇ ಓದಿಕೊಳ್ಳಿ, ವಾಟ್ಸಾಪ್ ಫಾರ್ವರ್ಡ್ ಬೇಡ.

ನಮ್ಮ ಕ್ಲಿನಿಕ್

ನಮ್ಮ ಕ್ಲಿನಿಕ್ ಎನ್ನುವುದು ನಗರಗಳಿಗೆಂದು ಸರ್ಕಾರ ತೆರೆದ ಸಣ್ಣ ಕ್ಲಿನಿಕ್‌ಗಳ ಹೆಸರು. ಇದು ನನ್ನ ಕಾಲದಲ್ಲಿ ಇರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು, ರಾಜ್ಯಕ್ಕೆ 438 ಎಂಬ ಲೆಕ್ಕ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಂಗಳೂರಿಗೇ. ಬೆಳಿಗ್ಗೆ 9ರಿಂದ ಸಂಜೆ 4.30. ರೋಗಿಯನ್ನು ಮಲಗಿಸಿಕೊಳ್ಳುವ ವಾರ್ಡ್ ಇಲ್ಲ, ರಾತ್ರಿ ಇಲ್ಲ. ರಿಲೀವರ್ ಬೇಕಾಗಿಲ್ಲ, ಬಾಗಿಲು ಹಾಕಿಕೊಂಡು ಹೋಗುವುದು ಅಷ್ಟೇ. ಗುತ್ತಿಗೆ ಕೆಲಸ, ಕಲಿಯುವುದು ಕಡಿಮೆ. ಬಿಪಿ, ಶುಗರ್, ಕೆಮ್ಮು, ಮಂಡಿ ನೋವು. ಆರು ತಿಂಗಳಿಗೆ ಬೇಸರ ಬರುತ್ತದೆ ಎಂದು ಅಲ್ಲಿರುವ ನನ್ನ ಜೂನಿಯರ್ ಹೇಳುತ್ತಾಳೆ. ಆದರೆ ಅವಳು ಸಂಜೆ ಐದರಿಂದ ಹತ್ತರವರೆಗೆ ಪಿಜಿಯ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ಓದುತ್ತಾಳೆ, ಅದು ಇನ್ಯಾವ ಕೆಲಸದಲ್ಲಿ ಸಿಗುತ್ತದೆ ಹೇಳಿ.

ಖಾಸಗಿ ಆಸ್ಪತ್ರೆಯ ಡ್ಯೂಟಿ ಡಾಕ್ಟರ್: ರಿಲೀವರ್ ಇದ್ದಾನೆ, ಬಂದರೆ

ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು, ಇಲ್ಲದಿದ್ದರೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಕಾಗದದ ಮೇಲೆ ಇದಕ್ಕಿಂತ ಸ್ಪಷ್ಟವಾದ ಕೆಲಸ ಇಲ್ಲ. ನನಗೂ ಪಿಎಚ್‌ಸಿಯಿಂದ ಬಂದಾಗ ಸ್ವರ್ಗ ಅನ್ನಿಸಿತ್ತು. ಮುಗಿಯುವ ಹೊತ್ತು ಅಂತ ಒಂದು ಇದೆಯಲ್ಲ!

ಮೂರನೇ ವಾರದಲ್ಲಿ ಗೊತ್ತಾಯಿತು. ನನ್ನ ನಂತರ ಬರಬೇಕಾದವನು ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಹಾಕಿಕೊಂಡರೆ ನಾನು ಒಂಬತ್ತೂವರೆವರೆಗೆ. ಅವನಿಗೆ ಜ್ವರ ಬಂದರೆ ನಾನು ರಾತ್ರಿಯಿಡೀ. ಒಮ್ಮೆ ಹಾಗೆ ಬೆಳಿಗ್ಗೆ ಎಂಟಕ್ಕೆ ಹೋದವಳು ರಾತ್ರಿ ಮೂರಕ್ಕೆ ಬಿಡುಗಡೆಯಾದೆ, 19 ಗಂಟೆ. ಹೆಚ್ಚುವರಿ ಏಳು ಗಂಟೆಗೆ ಒಂದು ರೂಪಾಯಿ ಬರಲಿಲ್ಲ. ಅದೇ ತಿಂಗಳು ಬಯೊಮೆಟ್ರಿಕ್‌ನಲ್ಲಿ ಹತ್ತು ಹತ್ತು ನಿಮಿಷ ಮೂರು ಸಲ ತಡ ಎಂದು ಅರ್ಧ ದಿನದ ಸಂಬಳ ಹಿಡಿದಿದ್ದರು. ಎಚ್‌ಆರ್ ಹುಡುಗನನ್ನು ಕೇಳಿದರೆ, "ಸಿಸ್ಟಮ್ ಹಾಗಿದೆ ಡಾಕ್ಟರ್" ಎಂದ. ಬೈಯಲೂ ಮನಸ್ಸಾಗಲಿಲ್ಲ, ಅವನೂ ರಾತ್ರಿ ಎಂಟಕ್ಕೆ ಅಲ್ಲೇ ಕೂತಿದ್ದ.

ಎರಡನೆಯದು, ಬೈಗುಳ ತಿನ್ನುವುದು ಯಾರು ಎಂಬ ಪ್ರಶ್ನೆ. ಕನ್ಸಲ್ಟೆಂಟ್ ಬೆಳಿಗ್ಗೆ ರೌಂಡ್ಸ್ ಮುಗಿಸಿ ಹೋಗಿರುತ್ತಾರೆ. ಬಿಲ್ ಮಾಡಿದ್ದು ಬಿಲ್ಲಿಂಗ್‌ನವರು. ರಾತ್ರಿ ಹನ್ನೆರಡಕ್ಕೆ ರೋಗಿಯ ಕಡೆಯವರು ಎದುರಿಗೆ ನಿಂತಾಗ ಅಲ್ಲಿರುವುದು ನೀವು, 25 ವರ್ಷದವರು, ಬಿಲ್ ಎಷ್ಟಾಗಿದೆ ಎಂದೂ ಗೊತ್ತಿರದವರು. ಡಾಕ್ಟರ ಮೇಲೆ ಕೈ ಮಾಡಿದರೆ ಶಿಕ್ಷೆ ಎಂಬ ಕಾನೂನು ಕರ್ನಾಟಕದಲ್ಲಿ 2009ರಿಂದ ಇದೆ. ಅದರ ಬೋರ್ಡನ್ನು ಎಲ್ಲ ಆಸ್ಪತ್ರೆಗಳೂ ಗೋಡೆಗೆ ಹಾಕಿವೆ. ಬೋರ್ಡ್ ನೋಡಬೇಡಿ, ರಾತ್ರಿ ಕ್ಯಾಶುಯಾಲ್ಟಿ ಬಾಗಿಲಲ್ಲಿ ಎಷ್ಟು ಜನ ಸೆಕ್ಯುರಿಟಿ ನಿಂತಿದ್ದಾರೆ, ಅವರಿಗೆ ಎಷ್ಟು ವಯಸ್ಸು ನೋಡಿ. ನಾನಿದ್ದಲ್ಲಿ ಒಬ್ಬರು ತಾತ ಇದ್ದರು, ಪಾಪ, ಗಲಾಟೆಯಾದಾಗ ಅವರನ್ನು ನಾವೇ ಒಳಗೆ ಕರೆದು ಕೂರಿಸಬೇಕಿತ್ತು.

ಸೇರುವ ಮೊದಲು ನೋಡಬೇಕಾದ ಎರಡು ಮೂರು ವಿಷಯ ಹೇಳಿಬಿಡುತ್ತೇನೆ. ಒರಿಜಿನಲ್ ಸರ್ಟಿಫಿಕೇಟ್ ಯಾವ ಕಾರಣಕ್ಕೂ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ತನ್ನಿ. 1995ರಲ್ಲಿ ಸುಪ್ರೀಂ ಕೋರ್ಟ್ ಶಾಂತಾ ಪ್ರಕರಣದಲ್ಲಿ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ಅಡಿ ಬರುತ್ತದೆ ಎಂದು ಹೇಳಿದೆ. ಕೇಸ್ ಆದರೆ ಕೇಸ್‌ಶೀಟಿನಲ್ಲಿ ಸಹಿ ಇರುವ ಡ್ಯೂಟಿ ಡಾಕ್ಟರ್ ಹೆಸರೂ ಸೇರುತ್ತದೆ. ಆಸ್ಪತ್ರೆಯ ಇನ್ಶೂರೆನ್ಸ್ ನಿಮಗೂ ಅನ್ವಯವಾಗುತ್ತದಾ, ಬರಹದಲ್ಲಿ ಕೇಳಿ. ಇಲ್ಲದಿದ್ದರೆ ಸ್ವಂತಕ್ಕೆ ಒಂದು ಇಂಡೆಮ್ನಿಟಿ ಪಾಲಿಸಿ ಮಾಡಿಸಿಕೊಳ್ಳಿ. ಆಮೇಲೆ ಡ್ಯೂಟಿ ರೂಮ್ ತೋರಿಸಿ ಎನ್ನಿ. ಸಂಕೋಚ ಬೇಡ. ಮದುವೆ ಮನೆ ನೋಡಲು ಹೋದಾಗ ಅಡುಗೆಮನೆ ನೋಡಿ ಬರುವುದಿಲ್ಲವೇ? ಮಂಚ ಎಷ್ಟು, ಚಿಲಕ ಒಳಗಿನಿಂದ ಬೀಳುತ್ತದಾ, ಹೆಂಗಸರಿಗೆ ಬೇರೆ ಬಾತ್‌ರೂಮ್ ಇದೆಯಾ. ನಮ್ಮಲ್ಲಿ ಮೂರು ಜನಕ್ಕೆ ಒಂದು ಮಂಚ ಇತ್ತು, ಚಿಲಕದ ಬದಲು ಕುರ್ಚಿ ಅಡ್ಡ ಇಡುತ್ತಿದ್ದೆವು.

ನನ್ನ ಅಭಿಪ್ರಾಯ ಕೇಳಿದರೆ, ಈ ಕೆಲಸ ಒಂದು ವರ್ಷಕ್ಕೆ ಸರಿ. ಇಸಿಜಿ ಓದುವುದು, ಟ್ಯೂಬ್ ಹಾಕುವುದು, ಐಸಿಯು ಭಯ ಹೋಗುವುದು ಎಲ್ಲ ಅಲ್ಲೇ ಆಗುತ್ತದೆ. ಎರಡನೇ ವರ್ಷ ಅಲ್ಲಿರುವವರು ಕಲಿಯುತ್ತಿಲ್ಲ, ಸುಮ್ನೆ ಸವೆಯುತ್ತಿದ್ದಾರೆ. ನೀಟ್ ಪಿಜಿಗೆ ಓದುತ್ತಾ ನೈಟ್ ಡ್ಯೂಟಿ ಮಾಡುತ್ತೇನೆ ಎನ್ನುವವರಿಗೆ ಕೈ ಮುಗಿಯುತ್ತೇನೆ, ನಾನು ಪ್ರಯತ್ನಿಸಿ ಒಂದು ವರ್ಷ ಕಳೆದುಕೊಂಡೆ. 2 ಲಕ್ಷಕ್ಕೂ ಹೆಚ್ಚು ಜನ ಬರೆಯುವ ಪರೀಕ್ಷೆ ಅದು, ಅರ್ಧ ನಿದ್ದೆಯಲ್ಲಿ ಆಗುವಂಥದ್ದಲ್ಲ.

ಪಿಜಿ: ಮೂರು ವರ್ಷ, ಆದರೆ ಯಾವ ಬ್ರಾಂಚ್?

ರೆಸಿಡೆಂಟ್‌ಗಳು (ಪಿಜಿ ಓದುತ್ತಾ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಾಕ್ಟರ್‌ಗಳು) ಒಮ್ಮೆಗೆ 12 ಗಂಟೆಗಿಂತ ಜಾಸ್ತಿ ಕೆಲಸ ಮಾಡಬಾರದು, ವಾರಕ್ಕೆ 48 ಗಂಟೆ ಎಂದು ಕೇಂದ್ರದ ರೆಸಿಡೆನ್ಸಿ ಯೋಜನೆಯಲ್ಲಿ ಬರೆದಿದ್ದು 1992ರಲ್ಲಿ. 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ನಿಯಮದಲ್ಲಿ ಬಂದಿದ್ದು "ಸಮಂಜಸ ಅವಧಿ" ಮತ್ತು ವಾರಕ್ಕೊಂದು ರಜೆ. ಸಮಂಜಸ ಎಂದರೆ ಎಷ್ಟು ಗಂಟೆ ಅಂತ ಬರೆದಿಲ್ಲ. 2024ರಲ್ಲಿ ಎನ್‌ಎಂಸಿಯದೇ ಮಾನಸಿಕ ಆರೋಗ್ಯ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು ಎಂದು ಶಿಫಾರಸು ಮಾಡಿತು. 32 ವರ್ಷದಲ್ಲಿ 48 ಹೋಗಿ 74 ಆಯಿತು, ಅದನ್ನೂ ಸುಧಾರಣೆ ಎಂದೇ ನಾವೆಲ್ಲ ಓದಿಕೊಂಡೆವು. ಯಾಕೆಂದರೆ ನಿಜವಾಗಿ ನಡೆಯುವುದು ಅದಕ್ಕಿಂತ ಜಾಸ್ತಿ.

ನಮ್ಮ ಯೂನಿಟ್‌ಗೆ ಸೋಮವಾರ ಅಡ್ಮಿಷನ್ ಡೇ, ಹೊಸದಾಗಿ ದಾಖಲಾಗುವ ರೋಗಿಗಳೆಲ್ಲ ಅವತ್ತು ನಮಗೇ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊಕ್ಕರೆ ಮಂಗಳವಾರ ಸಂಜೆ ಆರಕ್ಕೆ ಹೊರಗೆ. ಮಂಗಳವಾರ ಮಧ್ಯಾಹ್ನ ನಾನು ಬರೆದ ಕೇಸ್‌ಶೀಟ್‌ಗಳನ್ನು ಆಮೇಲೆ ನೋಡಿದ್ದೇನೆ, ಕೆಲವು ಕಡೆ ಸಾಲು ಕೆಳಗೆ ಜಾರಿ ಜಾರಿ ಪುಟದ ಅಂಚಿಗೆ ಹೋಗಿ ನಿಂತಿದೆ, ಅಲ್ಲೇ ನಿದ್ದೆ ಬಂದಿದೆ. ಒಂದು ದಿನ ಹಿರಿಯ ಸಿಸ್ಟರ್ ಹತ್ತಿರ ಬಂದು ಯಾರಿಗೂ ಕೇಳದ ಹಾಗೆ, "ಮೇಡಂ, ಇದು 12ನೇ ಬೆಡ್‌ನವರ ಔಷಧಿ, 21ರ ಶೀಟಲ್ಲಿ ಬರೆದಿದ್ದೀರಿ ನೋಡಿ" ಎಂದರು. ಅವರು ಅವತ್ತು ಸಂಜೆ ಶಿಫ್ಟಿಗೆ ಆಗಷ್ಟೇ ಬಂದಿದ್ದರು, ನಿದ್ದೆ ಮಾಡಿ ಬಂದಿದ್ದರು. ಸಿಸ್ಟರ್‌ಗಳಿಗೆ ಶಿಫ್ಟ್ ಇದೆ, ನಮಗೆ ಇಲ್ಲ. ಅವತ್ತಿನಿಂದಲೇ ನನಗೆ ಈ ರಿಲೀವರ್ ಹುಚ್ಚು ಹಿಡಿದದ್ದು.

2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಆ ಪಿಜಿ ಹುಡುಗಿಯ ಅತ್ಯಾಚಾರ, ಕೊಲೆ ನಡೆದಾಗ ಇಡೀ ದೇಶ ಬೀದಿಗೆ ಬಂತು. ಅವಳು ದೀರ್ಘ ಡ್ಯೂಟಿಯ ನಡುವೆ ಸ್ವಲ್ಪ ಮಲಗಲು ಹೋಗಿದ್ದು ಸೆಮಿನಾರ್ ಹಾಲಿಗೆ. ಆ ಒಂದು ವಿವರ ಓದಿ ನಮ್ಮ ಬ್ಯಾಚಿನ ಗ್ರೂಪ್‌ನಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ನಾವೆಲ್ಲ ಸೆಮಿನಾರ್ ಹಾಲಿನಲ್ಲಿ, ಎಕ್ಸ್‌ರೇ ರೂಮಿನ ಬೆಂಚಿನ ಮೇಲೆ, ಖಾಲಿ ಸ್ಟ್ರೆಚರ್ ಮೇಲೆ ಮಲಗಿದವರೇ. ಸುಪ್ರೀಂ ಕೋರ್ಟ್ ಅದೇ ತಿಂಗಳು ವೈದ್ಯರ ಸುರಕ್ಷತೆಗೆಂದು ರಾಷ್ಟ್ರೀಯ ಕಾರ್ಯಪಡೆ ಮಾಡಿತು, 36 ಗಂಟೆಯ ಡ್ಯೂಟಿ ಅಮಾನವೀಯ ಎಂದೂ ಹೇಳಿತು. ನೀವು ಸೇರುವ ಕಾಲೇಜಿನಲ್ಲಿ ಅದರಿಂದ ಏನು ಬದಲಾಗಿದೆ ಎಂದು ಈಗ ಅಲ್ಲಿರುವ ಪಿಜಿಗಳನ್ನೇ ಕೇಳಿ. ಪ್ರಿನ್ಸಿಪಾಲರನ್ನು ಕೇಳಬೇಡಿ.

ಇನ್ನು ಬ್ರಾಂಚ್. ಸೀಟು ಹಂಚುವ ಕೌನ್ಸೆಲಿಂಗ್ ಸಮಯದಲ್ಲಿ ಎಲ್ಲರೂ ರ‍್ಯಾಂಕ್ ನೋಡುತ್ತಾರೆ, ಮುಂದಿನ ಸಂಪಾದನೆ ನೋಡುತ್ತಾರೆ. ನಾನು ಹೇಳುವುದು, ಬ್ರಾಂಚ್ ಆರಿಸುವುದು ಎಂದರೆ ಮುಂದಿನ ಮೂವತ್ತು ವರ್ಷದ ರಾತ್ರಿಗಳನ್ನು ಆರಿಸುವುದು. ಚರ್ಮ, ಪ್ಯಾಥಾಲಜಿ, ಮೈಕ್ರೋಬಯಾಲಜಿ, ಇವರ ರಾತ್ರಿ ಬಹುಮಟ್ಟಿಗೆ ಅವರದೇ. ಚರ್ಮದ ಸೀಟಿಗೆ ಯಾಕೆ ಅಷ್ಟು ನೂಕುನುಗ್ಗಲು ಎಂದು ಮಾವ ಕೇಳಿದ್ದರು, ಇದಕ್ಕೇ. ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) ತೆಗೆದುಕೊಂಡರೆ ಹೆರಿಗೆಗೆ ಹಗಲು ರಾತ್ರಿ ಇಲ್ಲ, ನಿವೃತ್ತಿಯವರೆಗೂ ಇಲ್ಲ. ಮೆಡಿಸಿನ್, ಸರ್ಜರಿ, ಮೂಳೆ, ಮಕ್ಕಳ ವಿಭಾಗ ಪಿಜಿಯಲ್ಲಿ ಅರೆಯುತ್ತವೆ, ಆಮೇಲೆ ನೀವು ಎಲ್ಲಿ ಕೂರುತ್ತೀರಿ ಎನ್ನುವುದರ ಮೇಲೆ. ಅನಸ್ತೇಷಿಯಾದವರಿಗೆ ರಾತ್ರಿ ಕರೆ ಇದ್ದೇ ಇರುತ್ತದೆ, ಆದರೆ ಮನೆಗೆ ಹೋದ ಮೇಲೆ ರೋಗಿಯ ಫೋನ್ ಬರುವುದಿಲ್ಲ. ಅದರ ಬೆಲೆ ನನ್ನಂಥ ಫಿಸಿಶಿಯನ್ ಹತ್ತಿರ ಕೇಳಿ. ಎಮರ್ಜೆನ್ಸಿ ಮೆಡಿಸಿನ್ ಎಲ್ಲಕ್ಕಿಂತ ಗಲಾಟೆಯ ಜಾಗ, ಆದರೂ ಶಿಫ್ಟ್ ಲೆಕ್ಕದಲ್ಲಿ ನಡೆಯುವುದರಿಂದ ಕೈಬದಲಿಸುವುದು ಅಲ್ಲಿ ಅಭ್ಯಾಸವಾಗಿದೆ. ಒಂದೇ ಬ್ರಾಂಚ್‌ನಲ್ಲೂ ಕಾಲೇಜಿನಿಂದ ಕಾಲೇಜಿಗೆ ಅಜಗಜಾಂತರ. ನೈಟ್ ಮುಗಿಸಿದ ಮಾರನೇ ದಿನ ಆಫ್ ಕೊಡುತ್ತಾರಾ? ಈ ಒಂದು ಪ್ರಶ್ನೆ ಸಾಕು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ನನ್ನ ಮಗಳು ಪಿಜಿಯಲ್ಲಿದ್ದಾಗಲೇ ಹುಟ್ಟಿದಳು. ರಜೆ ಕೊಟ್ಟರು, ಆದರೆ ಅಷ್ಟು ತಿಂಗಳು ಕೋರ್ಸ್ ಮುಂದಕ್ಕೆ ಹೋಯಿತು. ಬ್ಯಾಚಿನವರೆಲ್ಲ ಪರೀಕ್ಷೆ ಬರೆದು ಹೋದರು, ನಾನು ಜೂನಿಯರ್‌ಗಳ ಜೊತೆ ಉಳಿದೆ. "ನಿನ್ನ ಡ್ಯೂಟಿ ನಾವು ಮಾಡಿದ್ವಿ" ಎಂಬ ಮಾತು ನೇರವಾಗಿ ಯಾರೂ ಹೇಳಲಿಲ್ಲ, ಮುಖದಲ್ಲಿ ಕಾಣುತ್ತಿತ್ತು. ಅವರದ್ದೂ ತಪ್ಪಲ್ಲ. ಒಬ್ಬರು ರಜೆ ಹೋದರೆ ಆ ಭಾರ ಪಕ್ಕದವರ ಬೆನ್ನಿಗೇ ಬೀಳುವಂತೆ ರೋಸ್ಟರ್ ಮಾಡಿದ್ದು ಅವರಲ್ಲವಲ್ಲ.

ಇಷ್ಟೆಲ್ಲ ಹೇಳಿದರೂ ಪಿಜಿ ಮಾಡಬೇಡಿ ಎನ್ನುವುದಿಲ್ಲ. ಇವತ್ತು ಬರೀ ಎಂಬಿಬಿಎಸ್ ಇಟ್ಟುಕೊಂಡು ನಗರದಲ್ಲಿ ನಿಲ್ಲುವುದು ಕಷ್ಟ. ಮೂರು ವರ್ಷ ಎಂಬ ಗಡಿ ಇದೆ ಎನ್ನುವುದೇ ಇದರ ದೊಡ್ಡ ಸಮಾಧಾನ.

ಸ್ವಂತ ಕ್ಲಿನಿಕ್: ಶಟರ್ ನಿಮ್ಮ ಕೈಯಲ್ಲಿ, ಫೋನ್ ಅಲ್ಲ

ಈಗ ನಾನಿರುವ ಜಾಗ. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದೂವರೆ, ಸಂಜೆ ಐದರಿಂದ ಎಂಟೂವರೆ. ರಾತ್ರಿ ತುರ್ತು ಇದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಂದು ಬೋರ್ಡಿನಲ್ಲೇ ಬರೆಸಿದ್ದೇನೆ. ಮೊದಲ ವರ್ಷ ಊರವರು ಇದಕ್ಕೆ ಸಿಟ್ಟಾದರು. ಹಿಂದೆ ಇದೇ ಬೀದಿಯಲ್ಲಿದ್ದ ಡಾಕ್ಟರು ಮಧ್ಯರಾತ್ರಿ ಲುಂಗಿಯಲ್ಲೇ ಬಂದು ಇಂಜೆಕ್ಷನ್ ಕೊಡುತ್ತಿದ್ದರಂತೆ. ಇರಬಹುದು. ಅವರ ಮನೆಯವರನ್ನು ಕೇಳಿದರೆ ಬೇರೆ ಕಥೆ ಸಿಗುತ್ತದೆ.

ಶಟರ್ ಎಳೆಯುವ ಅಧಿಕಾರ ನನ್ನದೇ ಎನ್ನುವ ನೆಮ್ಮದಿ ದೊಡ್ಡದು. ಆದರೆ ರಿಲೀವರ್ ಲೆಕ್ಕದಲ್ಲಿ ನೋಡಿದರೆ ಇದು ಪಿಎಚ್‌ಸಿಗಿಂತ ಮೇಲೇನಲ್ಲ. ನನಗೆ ಡೆಂಗಿ ಬಂದಾಗ ಒಂಬತ್ತು ದಿನ ಶಟರ್ ತೆಗೆಯಲಿಲ್ಲ. ಬಾಡಿಗೆ ನಿಲ್ಲಲಿಲ್ಲ, ಕಾಂಪೌಂಡರ್ ಸಂಬಳ ನಿಲ್ಲಲಿಲ್ಲ, ನನ್ನದು ಮಾತ್ರ ನಿಂತಿತು. ಪಿಎಫ್ ಇಲ್ಲ, ಹೆರಿಗೆ ರಜೆ ಇಲ್ಲ, ಸಿಎಲ್ ಇಲ್ಲ. ವಾಟ್ಸಾಪ್ ಅಂತೂ ಬೆಳಿಗ್ಗೆ ಆರಕ್ಕೇ ಶುರು: ಮಗುವಿನ ಬೆನ್ನಿನ ಗುಳ್ಳೆಯ ಫೋಟೋ, ಅಜ್ಜನ ಕ್ರಿಯಾಟಿನಿನ್ ರಿಪೋರ್ಟ್, "ಮೇಡಂ ಊಟಕ್ಕೆ ಮೊದಲಾ ಆಮೇಲಾ". ಬೇರೆ ನಂಬರ್ ಇಟ್ಟು ಆ ಫೋನನ್ನು ಕ್ಲಿನಿಕ್ ಡ್ರಾಯರಿನಲ್ಲೇ ಬಿಟ್ಟು ಬರಲು ನನಗೆ ಮೂರು ವರ್ಷ ಬೇಕಾಯಿತು. ನೀವು ಮೊದಲ ದಿನವೇ ಮಾಡಿ.

ಮಧ್ಯಾಹ್ನದ ವೇಳೆ ನಿಮ್ಮದು, ಅದು ನಿಜವಾದ ಲಾಭ. ಆದರೆ ಮಗಳು ಶಾಲೆಯಿಂದ ಬರುವುದು ನಾಲ್ಕೂಕಾಲಿಗೆ, ನಾನು ಹೊರಡುವುದು ಐದಕ್ಕೆ. ಇಡೀ ಊರು ಮನೆ ಸೇರುವ ಹೊತ್ತಿಗೆ ಡಾಕ್ಟರ್ ಮನೆ ಬಿಡುತ್ತಾರೆ, ಇದನ್ನು ಮದುವೆಗೆ ಮೊದಲೇ ಗಂಡಿಗೆ ಹೇಳಿಬಿಡುವುದು ಒಳ್ಳೆಯದು.

ಕಾಗದಪತ್ರ ಉಂಟು: ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಬಯೋಮೆಡಿಕಲ್ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ತ್ಯಾಜ್ಯ ಒಯ್ಯುವ ಏಜೆನ್ಸಿಯ ಒಪ್ಪಂದ. ಒಮ್ಮೆ ಆದರೆ ತಲೆನೋವು ಕಡಿಮೆ. 2017ರ ನವೆಂಬರ್‌ನಲ್ಲಿ ಕೆಪಿಎಂಇ ತಿದ್ದುಪಡಿ ವಿರೋಧಿಸಿ ರಾಜ್ಯದ ಖಾಸಗಿ ವೈದ್ಯರೆಲ್ಲ ಓಪಿಡಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ಆಗ ನಾನು ಸರ್ಕಾರಿ ಆಸ್ಪತ್ರೆಯ ಪಿಜಿ, ನೂಕುನುಗ್ಗಲೆಲ್ಲ ನಮ್ಮ ಮೇಲೆ ಬಿದ್ದಿತ್ತು. ಎರಡೂ ಕಡೆಯಿಂದ ಆ ಜಗಳ ನೋಡಿದವಳು ನಾನು, ಆ ಕಥೆ ಇನ್ನೊಮ್ಮೆ.

ಗಂಡ ಹೆಂಡತಿ ಇಬ್ಬರೂ ಡಾಕ್ಟರ್, ಮೇಲೆ ಮನೆ ಕೆಳಗೆ ನರ್ಸಿಂಗ್ ಹೋಮ್ ಎಂಬ ಹಳೆಯ ಮಾದರಿ ಈಗಲೂ ಸಣ್ಣ ಊರುಗಳಲ್ಲಿದೆ. ಒಳ್ಳೆ ಸಂಪಾದನೆ ಇದೆ. ಒಟ್ಟಿಗೆ ಒಂದು ಮದುವೆಗೆ ಹೋಗಿ ಬರಲು ಆಗುವುದಿಲ್ಲ, ಒಬ್ಬರಿಗೊಬ್ಬರು ರಿಲೀವರ್ ಆಗಿಬಿಡುತ್ತಾರೆ.

ಇಂಗ್ಲೆಂಡ್

ರಿಲೀವರ್ ಎಂಬುದನ್ನು ಕಾನೂನಿನಲ್ಲೇ ಬರೆದಿಟ್ಟ ದೇಶ. ವಾರಕ್ಕೆ ಸರಾಸರಿ 48 ಗಂಟೆ ಎಂಬುದು ಅಲ್ಲಿ 1998ರ ಕೆಲಸದ ಅವಧಿಯ ನಿಯಮದಿಂದ ಬಂದದ್ದು. ಇಂಗ್ಲೆಂಡಿನ ಕಿರಿಯ ವೈದ್ಯರ 2016ರ ಒಪ್ಪಂದದ ಪ್ರಕಾರ ಒಂದು ಶಿಫ್ಟ್ 13 ಗಂಟೆ ಮೀರಬಾರದು, ಯಾವುದೇ ಏಳು ದಿನದಲ್ಲಿ 72 ಗಂಟೆ ದಾಟಬಾರದು. ಶುರುವಿನಲ್ಲಿ ವರ್ಷಕ್ಕೆ 27 ದಿನ ರಜೆ, ಸರ್ಕಾರಿ ರಜೆಗಳು ಬೇರೆ. ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ನಿಂತರೆ ಅದನ್ನು ಬರೆದು ಕೊಡಬಹುದು, ಅದಕ್ಕೆ ದುಡ್ಡೋ ರಜೆಯೋ ಕೊಡಬೇಕು, ನೋಡಿಕೊಳ್ಳಲು ಪ್ರತಿ ಸಂಸ್ಥೆಯಲ್ಲೂ ಒಬ್ಬ ಹಿರಿಯರು ಇರುತ್ತಾರೆ. ಗೆಳತಿ ರಾತ್ರಿ ಡ್ಯೂಟಿಯಿಂದ ಬಂದಳೆಂದರೆ ಪರದೆ ಎಳೆದು ಸಂಜೆವರೆಗೆ ಮಲಗುತ್ತಿದ್ದಳು. ಒಂದು ಫೋನೂ ಬರಲಿಲ್ಲ. ಮೂರು ವಾರದಲ್ಲಿ ನನಗೆ ಹೊಟ್ಟೆಕಿಚ್ಚು ಬಂದದ್ದು ಅವಳ ಮನೆಗೂ ಅಲ್ಲ, ಕಾರಿಗೂ ಅಲ್ಲ, ಆ ನಿದ್ದೆಗೆ.

ಆದರೆ ಈಗ ಬಾಗಿಲು ಕಿರಿದಾಗಿದೆ. ಹೊರಗಿನ ಡಾಕ್ಟರ್‌ಗಳು ಅಲ್ಲಿ ಕೆಲಸ ಮಾಡಲು ಬರೆಯುವ ಪ್ಲ್ಯಾಬ್ ಪರೀಕ್ಷೆಯ ಮೊದಲ ಭಾಗ ಭಾರತದಲ್ಲೇ ಬರೆಯಬಹುದು, ಎರಡನೆಯದಕ್ಕೆ ಮ್ಯಾಂಚೆಸ್ಟರಿಗೆ ಹೋಗಬೇಕು. ಪಾಸಾದರೂ ಕೆಲಸ ಸಿಗದೆ ಅಲ್ಲಿ ಬಾಡಿಗೆ ಕೋಣೆಯಲ್ಲಿ ಅರ್ಜಿ ಹಾಕುತ್ತಾ ಕೂತ ನಮ್ಮ ಹುಡುಗರು ಬಹಳ ಜನ. 2025ರಲ್ಲಿ ಸ್ಪೆಶಾಲಿಟಿ ತರಬೇತಿಯ ಸುಮಾರು 10,000 ಜಾಗಕ್ಕೆ 30,000ಕ್ಕೂ ಹೆಚ್ಚು ವೈದ್ಯರು ಅರ್ಜಿ ಹಾಕಿದ್ದರು. ಅಲ್ಲಿನವರೂ ಖುಷಿಯಾಗಿಲ್ಲ, 2023ರ ಮಾರ್ಚ್‌ನಿಂದ ಸಂಬಳಕ್ಕಾಗಿ ಮತ್ತೆ ಮತ್ತೆ ಮುಷ್ಕರ. ಕನ್ನಡದವರು ಒಂಟಿಯಲ್ಲ, 'ಕನ್ನಡ ಬಳಗ ಯುಕೆ'ಯ ಯುಗಾದಿ, ದೀಪಾವಳಿಗೆ ಹೋದರೆ ಅರ್ಧ ಮಂದಿ ಡಾಕ್ಟರೇ ಸಿಗುತ್ತಾರೆ. ಆದರೆ ಗೆಳತಿಯ ಅಪ್ಪನಿಗೆ ಸ್ಟ್ರೋಕ್ ಆದ ದಿನ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನು. ಅವಳು ವಿಡಿಯೋ ಕಾಲ್‌ನಲ್ಲಿ ಸಿಟಿ ಸ್ಕ್ಯಾನ್ ನೋಡಿದಳು. ಅಲ್ಲಿನ ವಾರ್ಡಿನಲ್ಲಿ ಅವಳಿಗೆ ಬದಲಿ ಡಾಕ್ಟರ್ ಇದ್ದರು, ಇಲ್ಲಿ ಮಗಳಿಗೆ ಬದಲಿ ಇರಲಿಲ್ಲ.

ಗಲ್ಫ್ ಬಗ್ಗೆ ಕೇಳುವವರಿಗೆ: ಪಿಜಿ ಮತ್ತು ಕೆಲವು ವರ್ಷದ ಅನುಭವ ಆದಮೇಲೆ ಯೋಚಿಸಿ. ಬರೀ ಎಂಬಿಬಿಎಸ್‌ಗೆ ಈಗ ಅಲ್ಲಿ ದೊಡ್ಡ ಬೆಲೆಯಿಲ್ಲ.

ಹಾಗಾದರೆ ಅವಳಿಗೆ ಏನು ಹೇಳಿದೆ?

ನಿನಗೆ ಈಗ ಸುಸ್ತಾಗಿದೆ, ಮೊದಲು ಒಂದು ತಿಂಗಳು ಮನೆಗೆ ಹೋಗಿ ಮಲಗು ಎಂದೆ. ಆಮೇಲೆ ನಮ್ಮ ಕ್ಲಿನಿಕ್ ತರಹದ ಹಗಲು ಕೆಲಸ ಹಿಡಿದು ಓದು. ಗ್ರಾಮೀಣ ಸೇವೆ ಬಂದರೆ ಹೆದರಬೇಡ, ಹೋಗು, ಆದರೆ ಎರಡನೇ ಡಾಕ್ಟರ್ ಇರುವ ಪಿಎಚ್‌ಸಿ ಸಿಗುತ್ತದಾ ನೋಡು. ಕೌನ್ಸೆಲಿಂಗ್‌ನಲ್ಲಿ ಬೇಡಿಕೆಯ ಬ್ರಾಂಚ್ ಸಿಕ್ಕಿತು ಎಂದು ಕಣ್ಣುಮುಚ್ಚಿ ಒತ್ತಬೇಡ. ಡ್ಯೂಟಿ ಡಾಕ್ಟರ್ ಆಗುವುದಾದರೆ ಪಿಜಿ ಮುಗಿದ ಮೇಲಲ್ಲ, ಮೊದಲೇ, ಒಂದೇ ವರ್ಷ. ಕ್ಲಿನಿಕ್ ಎಲ್ಲಿಗೂ ಓಡಿಹೋಗುವುದಿಲ್ಲ, ಅಜ್ಜಿಗೆ ನಾನು ಹೇಳುತ್ತೇನೆ.

ಅವಳು ಅಷ್ಟೂ ಕೇಳಿ, "ಚಿಕ್ಕಿ, ಇಂಟರ್ವ್ಯೂನಲ್ಲಿ ರಿಲೀವರ್ ಯಾರು ಅಂತ ಕೇಳಿದ್ರೆ ಸೋಮಾರಿ ಅಂದ್ಕೊಳ್ಳಲ್ವಾ?" ಎಂದಳು. ಹಾಗೆ ಕೇಳಬೇಡ ಮಾರಾಯ್ತಿ, ಹೋದ ತಿಂಗಳ ಡ್ಯೂಟಿ ರೋಸ್ಟರ್ ಒಮ್ಮೆ ತೋರಿಸ್ತೀರಾ ಅಂತ ಕೇಳು ಎಂದೆ. ಈ ತಿಂಗಳದ್ದಲ್ಲ, ಹೋದ ತಿಂಗಳದ್ದು. ಈ ತಿಂಗಳದ್ದು ಯಾವಾಗಲೂ ಚೆಂದ ಟೈಪ್ ಮಾಡಿರುತ್ತಾರೆ. ಹೋದ ತಿಂಗಳದ್ದರಲ್ಲಿ ಪೆನ್ನಿನಿಂದ ಹೊಡೆದು ಹಾಕಿದ ಹೆಸರುಗಳಿರುತ್ತವೆ, ಪಕ್ಕದಲ್ಲಿ ಬೇರೆ ಹೆಸರು ಬರೆದಿರುತ್ತಾರೆ. ಒಂದೇ ಹೆಸರು ಎಷ್ಟು ಸಲ ಬಂದಿದೆ ಎಣಿಸು. ಯಾಕೆಂದರೆ ಆ ಹುಡುಗಿಯೇ ಈಗ ಕೆಲಸ ಬಿಟ್ಟಿರುವುದು, ಆ ಜಾಗಕ್ಕೇ ನಿನ್ನನ್ನು ಕರೆದಿರುವುದು.